ಪಡೆಯದ ಸಾಲಕ್ಕೆ ವಸೂಲಿ ಪತ್ರ ಬಂದರೆ ಉತ್ತರಿಸುವುದು ಹೇಗೆ?

ಮಡಚಿದ ಒಂದೇ ಹಾಳೆ. ಮೇಲ್ಭಾಗದಲ್ಲಿ ಕೆಂಪು ಅಕ್ಷರಗಳಲ್ಲಿ ‘ಅಂತಿಮ ಎಚ್ಚರಿಕೆ’. ಅದರ ಕೆಳಗೆ ಒಂದು ಮೊತ್ತ: 47,386 ರೂಪಾಯಿ. ‘ಏಳು ದಿನಗಳೊಳಗೆ ಪಾವತಿಸದಿದ್ದರೆ ಸಿವಿಲ್ ಹಾಗೂ ಕ್ರಿಮಿನಲ್ ಕ್ರಮ ಜರುಗಿಸಲಾಗುವುದು’ ಎಂಬ ಸಾಲು. ಸಹಿಯ ಜಾಗದಲ್ಲಿ ವಕೀಲರೊಬ್ಬರ ಮುದ್ರೆ, ಪಕ್ಕದಲ್ಲಿ ಒಂದು ಮೊಬೈಲ್ ಸಂಖ್ಯೆ. ಸಾಲ ಯಾವಾಗ ಪಡೆದದ್ದು, ಅಸಲು ಎಷ್ಟು, ಬಡ್ಡಿ ಎಷ್ಟು ಎಂಬುದರ ಸುಳಿವು ಎಲ್ಲಿಯೂ ಇಲ್ಲ. ಪರಿಚಿತರೊಬ್ಬರು ಈ ಪತ್ರವನ್ನು ನನ್ನ ಮುಂದಿಟ್ಟಾಗ ಅವರ ಕೈ ಸಣ್ಣಗೆ ನಡುಗುತ್ತಿತ್ತು. ಅವರು ಜೀವನದಲ್ಲಿ ಬ್ಯಾಂಕಿನಿಂದ ಸಾಲ ಪಡೆದದ್ದು ಒಂದೇ ಸಲ. ಅದು ತೀರಿ ಹನ್ನೆರಡು ವರ್ಷಗಳಾಗಿದ್ದವು. ಆದರೂ ಅವರು ಕೇಳಿದ ಮೊದಲ ಪ್ರಶ್ನೆ, ‘ಕಟ್ಟಿಬಿಡಲೇ? ಪೀಡೆ ತೊಲಗಲಿ.’

ಮರ್ಯಾದಸ್ಥರ ಮನೆಗೆ ಇಂಥ ಪತ್ರ ಬಂದಾಗ ಮೊದಲು ಕಾಡುವುದು ಹಣದ ಚಿಂತೆಯಲ್ಲ, ಅಕ್ಕಪಕ್ಕದವರಿಗೆ ತಿಳಿದರೆ ಏನು ಗತಿ ಎಂಬ ಅಳುಕು. ವಸೂಲಿ ಪತ್ರಗಳ ಭಾಷೆ ಆ ಅಳುಕನ್ನೇ ಗುರಿಯಾಗಿಸಿಕೊಂಡಿರುತ್ತದೆ. ಅವಸರದಲ್ಲಿ ಹಣ ಕಟ್ಟುವುದೂ ತಪ್ಪು, ಪತ್ರವನ್ನು ಹರಿದು ಬುಟ್ಟಿಗೆ ಹಾಕುವುದೂ ತಪ್ಪು. ಇವೆರಡರ ನಡುವೆ ಮಾಡಬಹುದಾದ, ಮಾಡಲೇಬೇಕಾದ ಕೆಲಸಗಳಿವೆ. ಭಾರತದ ಕಾನೂನು ಮತ್ತು ರಿಸರ್ವ್ ಬ್ಯಾಂಕಿನ ನಿಯಮಗಳ ಚೌಕಟ್ಟಿನಲ್ಲಿ ಅವು ಯಾವುವೆಂದು ಇಲ್ಲಿ ನೋಡೋಣ.

ಪತ್ರ ಬರೆದವರು ಯಾರು?

ಲಕೋಟೆಯ ಮೇಲಿನ ಹೆಸರನ್ನು ನೀವು ಕೇಳಿಯೇ ಇಲ್ಲದಿರಬಹುದು. ಅದಕ್ಕೆ ಕಾರಣವಿದೆ. ಸಾಲ ಕೊಟ್ಟ ಸಂಸ್ಥೆಯೇ ನೇರವಾಗಿ ಪತ್ರ ಬರೆಯುವುದು ಒಂದು ಬಗೆ. ಬಾಕಿ ಬಹಳ ದಿನ ಉಳಿದರೆ ಸಂಸ್ಥೆಯು ವಸೂಲಿಯ ಕೆಲಸವನ್ನು ಏಜೆನ್ಸಿಗೆ ಒಪ್ಪಿಸುತ್ತದೆ. ಆಗ ಸಾಲ ಬ್ಯಾಂಕಿನದೇ, ಓಡಾಟ ಮಾತ್ರ ಏಜೆನ್ಸಿಯದು. ಮೂರನೆಯದು ಸಾಲವನ್ನೇ ಮಾರಿಬಿಡುವುದು. ವಸೂಲಾಗದ ಸಾಲಗಳ ಕಂತೆಯನ್ನು ಆಸ್ತಿ ಪುನರ್ರಚನಾ ಕಂಪನಿಗಳು ಕಡಿಮೆ ಬೆಲೆಗೆ ಕೊಳ್ಳುತ್ತವೆ. ಅಲ್ಲಿಂದ ಮುಂದೆ ಹಣ ಕೇಳುವ ಹಕ್ಕು ಆ ಕಂಪನಿಗೆ ಸೇರುತ್ತದೆ. ಇದಕ್ಕೆ ಸಾಲದ ವರ್ಗಾವಣೆ ಎಂದು ಹೆಸರು.

ಒಂದು ದಾಖಲೆಯ ಜೆರಾಕ್ಸ್ ಪ್ರತಿಯನ್ನು ಮತ್ತೆ ಜೆರಾಕ್ಸ್ ಮಾಡಿ, ಅದನ್ನು ಮಗದೊಮ್ಮೆ ಮಾಡಿದರೆ ಅಕ್ಷರಗಳು ಮಸುಕಾಗುತ್ತಾ ಹೋಗುತ್ತವಲ್ಲವೇ? ಕೈಯಿಂದ ಕೈಗೆ ದಾಟುವ ಸಾಲದ ಮಾಹಿತಿಯ ಪಾಡೂ ಅದೇ. ಮೂಲ ಅರ್ಜಿ, ಸಹಿ, ಕಂತುಗಳ ಲೆಕ್ಕ ಹಿಂದೆಯೇ ಉಳಿದು, ಕೊನೆಯವರ ಕೈಗೆ ಒಂದು ಹೆಸರು, ಒಂದು ವಿಳಾಸ ಮತ್ತು ಒಂದು ಮೊತ್ತ ಮಾತ್ರ ತಲುಪಿರಬಹುದು. ಅದೇ ಹೆಸರಿನ ಮತ್ತೊಬ್ಬರ ಮನೆಗೆ ಪತ್ರ ಹೋಗುವುದು ಹೀಗೆಯೇ.

ಇನ್ನು ವಕೀಲರ ನೋಟಿಸ್. ಇದನ್ನು ಕಂಡರೆ ಕೋರ್ಟಿನಿಂದಲೇ ಬಂದಷ್ಟು ಹೆದರುವವರಿದ್ದಾರೆ. ವಕೀಲರ ನೋಟಿಸ್ ಎಂದರೆ ಎದುರು ಪಕ್ಷದವರು ವಕೀಲರ ಮೂಲಕ ಹೇಳಿಸಿದ ಮಾತು, ಅಷ್ಟೇ. ಅದು ನ್ಯಾಯಾಲಯದ ಆದೇಶವಲ್ಲ.

ಗೊತ್ತೇ ಇಲ್ಲದ ಸಾಲ ಬಂದದ್ದೆಲ್ಲಿಂದ?

ಮೇಲೆ ಹೇಳಿದ ಹೆಸರಿನ ಗೊಂದಲ ಒಂದು ಕಾರಣ. ಬಾಡಿಗೆ ಮನೆಯಲ್ಲಿ ನಿಮಗಿಂತ ಮೊದಲು ಇದ್ದವರ ಹೆಸರಿಗೆ ಪತ್ರ ಬರುವುದು ಇನ್ನೊಂದು. ಅಂಥ ಲಕೋಟೆಯನ್ನು ಒಡೆಯದೆ, ‘ಈ ಹೆಸರಿನವರು ಈ ವಿಳಾಸದಲ್ಲಿ ಇಲ್ಲ’ ಎಂದು ಬರೆದು ಅಂಚೆಯವರಿಗೆ ಮರಳಿಸಿದರೆ ಸಾಕು.

ಮೂರನೆಯದು ಮರೆತುಹೋದ ಬಾಕಿ. ಮುಚ್ಚಿದೆವೆಂದುಕೊಂಡ ಕ್ರೆಡಿಟ್ ಕಾರ್ಡ್ ಒಳಗೊಳಗೇ ಜೀವಂತವಾಗಿದ್ದು, ಅದರ ವಾರ್ಷಿಕ ಶುಲ್ಕಕ್ಕೆ ಬಡ್ಡಿ, ಬಡ್ಡಿಗೆ ದಂಡ ಸೇರಿ ನೂರಾರು ರೂಪಾಯಿ ಹಲವು ಸಾವಿರವಾಗುವುದುಂಟು. ನೀವು ಕೇಳದೆಯೇ ಕಾರ್ಡ್ ಕಳುಹಿಸಿ ಶುಲ್ಕ ಹಾಕಿದ್ದರೆ ಮಾತು ಬೇರೆ. ಒಪ್ಪಿಗೆಯಿಲ್ಲದೆ ಕಾರ್ಡ್ ಕೊಡುವುದನ್ನು ರಿಸರ್ವ್ ಬ್ಯಾಂಕ್ ನಿಷೇಧಿಸಿದೆ. ಹಾಗೆ ಕೊಟ್ಟು ಬಿಲ್ ಮಾಡಿದರೆ ಆ ಶುಲ್ಕವನ್ನು ರದ್ದು ಮಾಡುವುದಲ್ಲದೆ ಅದರ ಎರಡರಷ್ಟನ್ನು ದಂಡವಾಗಿ ನಿಮಗೆ ಕೊಡಬೇಕೆಂಬ ನಿಯಮವಿದೆ.

ಜಾಮೀನಿನ ವಿಷಯದಲ್ಲಿ ಮಾತ್ರ ತುಸು ನಿಲ್ಲಬೇಕು. ‘ಬರೀ ಒಂದು ಸಹಿ, ಏನೂ ಆಗುವುದಿಲ್ಲ’ ಎಂಬ ಮಾತಿಗೆ ಮಣಿದು ಗೆಳೆಯನಿಗೋ ಸಹೋದ್ಯೋಗಿಗೋ ಹಾಕಿದ ಸಹಿಯನ್ನು ನಾವು ಮರೆಯುತ್ತೇವೆ, ಕಡತ ಮರೆಯುವುದಿಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದದ್ದು. ಒಪ್ಪಂದದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಾಲಗಾರನನ್ನು ಮೊದಲು ಕೇಳಿ ಆಮೇಲೆ ನಿಮ್ಮ ಬಳಿ ಬರಬೇಕೆಂಬ ನಿರ್ಬಂಧವೂ ಇಲ್ಲ.

ತೀರಿಕೊಂಡ ತಂದೆಯೋ ಗಂಡನೋ ಮಾಡಿದ ಸಾಲಕ್ಕೆ ಮನೆಯವರಿಗೆ ಪತ್ರ ಬರುವುದೂ ಸಾಮಾನ್ಯ. ಇಲ್ಲಿ ಕಾನೂನು ಸ್ಪಷ್ಟ: ವಾರಸುದಾರರ ಹೊಣೆ ಸತ್ತವರಿಂದ ಅವರಿಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಏನೂ ಆಸ್ತಿ ಬಂದಿಲ್ಲವಾದರೆ, ನೀವು ಸಹ-ಸಾಲಗಾರರೋ ಜಾಮೀನುದಾರರೋ ಅಲ್ಲವಾದರೆ, ನಿಮ್ಮ ಸ್ವಂತ ದುಡಿಮೆಯ ಹಣದಿಂದ ಅದನ್ನು ತೀರಿಸುವ ಕಾನೂನಿನ ಬಾಧ್ಯತೆ ಇಲ್ಲ. ದುಃಖದ ಮನೆಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅದಕ್ಕಾಗಿ ಒತ್ತಿ ಹೇಳುತ್ತಿದ್ದೇನೆ.

ಉಳಿದಿರುವುದು ಎರಡು ಬಗೆಯ ಮೋಸ. ನಿಮ್ಮ ಪ್ಯಾನ್, ಆಧಾರ್ ಪ್ರತಿಗಳನ್ನು ಬಳಸಿ ಬೇರೆಯವರು ಸಾಲ ಎತ್ತಿರುವುದು ಒಂದು. ಸಾಲವೇ ಇಲ್ಲದೆ ಬರೀ ಬೆದರಿಸಿ ಹಣ ಕೀಳುವುದು ಇನ್ನೊಂದು.

ಸಾಬೀತು ಮಾಡಬೇಕಾದವರು ಯಾರು?

ಯಾರೋ ಬಂದು ‘ನಿಮಗೆ ಐದು ವರ್ಷದ ಹಿಂದೆ ಹಣ ಕೊಟ್ಟಿದ್ದೆ, ವಾಪಸ್ ಕೊಡಿ’ ಎಂದರೆ ನೀವೇನು ಮಾಡುತ್ತೀರಿ? ‘ಎಲ್ಲಿ ಪತ್ರ, ತೋರಿಸಿ’ ಎನ್ನುತ್ತೀರಿ. ‘ನಾನು ತೆಗೆದುಕೊಂಡಿಲ್ಲ ಎಂಬುದಕ್ಕೆ ಸಾಕ್ಷಿ ಹುಡುಕುತ್ತೇನೆ ಇರಿ’ ಎಂದು ಬೀರು ತೆರೆಯುವುದಿಲ್ಲ. ಕಾನೂನು ಹೇಳುವುದೂ ಇದನ್ನೇ. ಯಾರು ಹಕ್ಕು ಕೇಳುತ್ತಾರೋ, ಅದಕ್ಕೆ ಆಧಾರವಾದ ಸಂಗತಿಯನ್ನು ರುಜುವಾತು ಮಾಡುವ ಹೊಣೆ ಅವರದು. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 104ನೇ ಕಲಮು ಇದನ್ನೇ ಹೇಳುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಇದೇ ತತ್ವವಿತ್ತು.

ಆದ್ದರಿಂದ ನಿಮ್ಮ ಉತ್ತರದಲ್ಲಿ ಪ್ರಶ್ನೆಗಳೇ ಹೆಚ್ಚಿರಬೇಕು. ಮೂಲ ಸಾಲದಾತರು ಯಾರು, ಸಾಲದ ಖಾತೆ ಸಂಖ್ಯೆ ಯಾವುದು, ಮಂಜೂರಾದ ದಿನ ಯಾವುದು? ಸಹಿ ಮಾಡಿದ ಅರ್ಜಿ ಮತ್ತು ಕರಾರು ಪತ್ರದ ಪ್ರತಿ ಎಲ್ಲಿ? ಗುರುತಿಗಾಗಿ ಪಡೆದ ಕೆವೈಸಿ ದಾಖಲೆಗಳು ಯಾವುವು? ಅಸಲು, ಬಡ್ಡಿ, ದಂಡ ಬೇರೆ ಬೇರೆಯಾಗಿ ಎಷ್ಟೆಷ್ಟು? ಕೊನೆಯ ಕಂತು ಕಟ್ಟಿದ ದಿನ ಯಾವುದು? ಸಾಲ ವರ್ಗಾವಣೆಯಾಗಿದ್ದರೆ ಅದರ ಪತ್ರ, ಏಜೆನ್ಸಿಗೆ ವಹಿಸಿದ್ದರೆ ಅಧಿಕಾರ ಪತ್ರ ಎಲ್ಲಿದೆ?

ಇವೆಲ್ಲಕ್ಕಿಂತ ಚೂಪಾದ ಪ್ರಶ್ನೆ ಒಂದಿದೆ: ಸಾಲದ ಹಣ ಯಾವ ಖಾತೆಗೆ ಜಮೆಯಾಯಿತು? ಸಹಿಯನ್ನು ನಕಲು ಮಾಡಬಹುದು, ಪ್ಯಾನ್ ಪ್ರತಿಯನ್ನು ಕದಿಯಬಹುದು, ಆದರೆ ಹಣ ಎಲ್ಲಿಗಾದರೂ ಹೋಗಿರಲೇಬೇಕು. ಆ್ಯಪ್‌ಗಳ ಮೂಲಕ ಕೊಡುವ ಸಾಲದ ಹಣ, ಕೆಲವು ಅಪವಾದಗಳನ್ನು ಬಿಟ್ಟರೆ, ಸಾಲಗಾರನ ಸ್ವಂತ ಬ್ಯಾಂಕ್ ಖಾತೆಗೇ ನೇರವಾಗಿ ಹೋಗಬೇಕೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿಯೇ ವಿಧಿಸಿತು. ಜಮೆಯಾದ ಖಾತೆ ನಿಮ್ಮದಲ್ಲ ಎಂದಾದರೆ ವಾದದ ಮುಕ್ಕಾಲು ಭಾಗ ಅಲ್ಲಿಗೇ ಮುಗಿಯಿತು.

ನನ್ನ ಪರಿಚಿತರ ಪ್ರಕರಣ ಬಗೆಹರಿದದ್ದು ಇದೇ ಪ್ರಶ್ನೆಯಿಂದ. ಉತ್ತರ ಬರಲು ಐದು ವಾರ ಹಿಡಿಯಿತು. ಅವರ ಹೆಸರು, ಇನಿಷಿಯಲ್ ಎರಡೂ ಹೊಂದುತ್ತಿದ್ದವು, ತಂದೆಯ ಹೆಸರು ಮತ್ತು ಹುಟ್ಟಿದ ದಿನ ಬೇರೆ. ಖಾತೆಯಂತೂ ಅವರು ಎಂದೂ ಕಾಲಿಡದ ಊರಿನದು.

ಮೊದಲು ಕ್ರೆಡಿಟ್ ವರದಿ ನೋಡಿ

ಪತ್ರಕ್ಕೆ ಉತ್ತರ ಬರೆಯುವ ಮೊದಲು ನಿಮ್ಮ ಹೆಸರಿನಲ್ಲಿ ನಿಜವಾಗಿಯೂ ಏನೇನು ದಾಖಲಾಗಿದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಶಾಲೆಯ ಅಂಕಪಟ್ಟಿಯಲ್ಲಿ ಪ್ರತಿ ವಿಷಯದ ಅಂಕ ಇರುವಂತೆ ನಿಮ್ಮ ಪ್ರತಿ ಸಾಲ, ಪ್ರತಿ ಕಾರ್ಡ್, ಪ್ರತಿ ತಪ್ಪಿದ ಕಂತು ಕ್ರೆಡಿಟ್ ವರದಿಯಲ್ಲಿರುತ್ತದೆ. ಒಟ್ಟು ಅಂಕ 300ರಿಂದ 900ರವರೆಗೆ. ಭಾರತದಲ್ಲಿ ಈ ವರದಿ ತಯಾರಿಸುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ನಿಮಗೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಒಂದರಲ್ಲಿ ಕಾಣದ ಸಾಲ ಇನ್ನೊಂದರಲ್ಲಿ ಕಾಣಬಹುದಾದ್ದರಿಂದ ನಾಲ್ಕನ್ನೂ ತರಿಸಿಕೊಳ್ಳಿ.

ವರದಿಯಲ್ಲಿ ಎರಡು ಕಡೆ ಕಣ್ಣಿಡಬೇಕು. ಒಂದು, ಖಾತೆಗಳ ಪಟ್ಟಿ. ಇನ್ನೊಂದು, ವಿಚಾರಣೆಗಳ ಪಟ್ಟಿ, ಅಂದರೆ ನಿಮ್ಮ ಹೆಸರಿನಲ್ಲಿ ಸಾಲಕ್ಕೆ ಅರ್ಜಿ ಬಂದಾಗ ಯಾವ ಸಂಸ್ಥೆ ಯಾವ ದಿನ ನಿಮ್ಮ ವರದಿ ತೆಗೆಸಿ ನೋಡಿತು ಎಂಬ ದಾಖಲೆ. ನೀವು ಹೋಗಿಯೇ ಇಲ್ಲದ ಸಂಸ್ಥೆಯ ಹೆಸರು ಇಲ್ಲಿದ್ದರೆ ನಿಮ್ಮ ದಾಖಲೆಗಳು ಯಾರದೋ ಕೈ ಸೇರಿರಬಹುದು.

ತಪ್ಪು ಕಂಡರೆ ಆ ಕಂಪನಿಯ ಜಾಲತಾಣದಲ್ಲಿಯೇ ತಕರಾರು ಸಲ್ಲಿಸಬಹುದು. 30 ದಿನಗಳಲ್ಲಿ ಅದು ಇತ್ಯರ್ಥವಾಗದಿದ್ದರೆ ಆ ನಂತರದ ಪ್ರತಿ ದಿನಕ್ಕೂ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ವರದಿಯಲ್ಲಿ ಕೆಲವೊಮ್ಮೆ ಕಾಣುವ ‘ರಿಟನ್ ಆಫ್’ ಎಂಬ ಪದ ಅನೇಕರನ್ನು ದಾರಿ ತಪ್ಪಿಸುತ್ತದೆ. ಸಾಲ ಮನ್ನಾ ಆಯಿತು ಎಂದು ಅದರ ಅರ್ಥವಲ್ಲ. ಬ್ಯಾಂಕು ತನ್ನ ಲೆಕ್ಕದ ಪುಸ್ತಕದಲ್ಲಿ ಅದನ್ನು ನಷ್ಟದ ಬದಿಗೆ ಬರೆದುಕೊಂಡಿದೆ ಎಂದಷ್ಟೇ. ಕೇಳುವ ಹಕ್ಕು ಹಾಗೆಯೇ ಇರುತ್ತದೆ.

ಉತ್ತರದ ಪತ್ರ ಹೇಗಿರಬೇಕು?

ಫೋನಿನಲ್ಲಿ ಉತ್ತರಿಸಬೇಡಿ, ಬರವಣಿಗೆಯಲ್ಲಿ ಉತ್ತರಿಸಿ. ಪತ್ರದಲ್ಲಿರುವ ಮೊಬೈಲ್ ಸಂಖ್ಯೆಗೆ ಕರೆ ಮಾಡಬೇಡಿ. ಬ್ಯಾಂಕಿನ ಹೆಸರಿದ್ದರೆ ಆ ಬ್ಯಾಂಕಿನ ಅಧಿಕೃತ ಜಾಲತಾಣದಲ್ಲಿರುವ ವಿಳಾಸ ಮತ್ತು ದೂರು ಅಧಿಕಾರಿಯ ಇಮೇಲ್ ಹುಡುಕಿಕೊಳ್ಳಿ. ಪತ್ರ ಬರೆದವರಿಗೂ ಮೂಲ ಸಾಲದಾತರಿಗೂ ಒಂದೊಂದು ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಸೀದಿಯನ್ನೂ ತಲುಪಿದ ವಿವರದ ಮುದ್ರಿತ ಪ್ರತಿಯನ್ನೂ ಜೋಪಾನ ಮಾಡಿ. ಒಕ್ಕಣೆ ಹೀಗಿದ್ದರೆ ಸಾಕು:

‘ತಮ್ಮ ಇಂಥ ದಿನಾಂಕದ, ಇಂಥ ಉಲ್ಲೇಖ ಸಂಖ್ಯೆಯ ಪತ್ರ ನನಗೆ ಇಂಥ ದಿನ ತಲುಪಿದೆ. ತಾವು ಹೇಳುತ್ತಿರುವ ಸಾಲದ ಬಗ್ಗೆ ನನಗೆ ಯಾವುದೇ ಮಾಹಿತಿ ಇಲ್ಲ ಮತ್ತು ಅಂಥ ಯಾವುದೇ ಹೊಣೆಯನ್ನು ನಾನು ಒಪ್ಪುವುದಿಲ್ಲ. ಈ ಕೆಳಗಿನ ದಾಖಲೆಗಳ ಪ್ರತಿಗಳನ್ನು ಒದಗಿಸಬೇಕೆಂದು ಕೋರುತ್ತೇನೆ. ಅವು ತಲುಪುವವರೆಗೆ ವಸೂಲಿ ಕ್ರಮಗಳನ್ನು ನಿಲ್ಲಿಸಬೇಕು, ಮುಂದಿನ ವ್ಯವಹಾರವೆಲ್ಲ ಬರವಣಿಗೆಯಲ್ಲಿಯೇ ಇರಬೇಕು. ಈ ಪತ್ರವನ್ನು ನನ್ನ ತಕರಾರು ಎಂದು ನೋಂದಾಯಿಸಿಕೊಂಡು ದೂರು ಸಂಖ್ಯೆ ತಿಳಿಸಬೇಕು.’

‘ತಾವು ಹೇಳುತ್ತಿರುವ ಸಾಲ’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ‘ನನ್ನ ಸಾಲದ ವಿವರ ಕೊಡಿ’ ಎಂದು ಬರೆದರೆ ಸಾಲ ನನ್ನದು ಎಂದು ನೀವೇ ಬರೆದುಕೊಟ್ಟಂತಾಗುತ್ತದೆ. ಇದು ಬರೀ ಪದದ ಗೊಡವೆಯಲ್ಲ, ಮುಂದಿನ ಭಾಗದಲ್ಲಿ ಕಾರಣ ತಿಳಿಯುತ್ತದೆ. ದೂರು ಎಂದು ನೋಂದಾಯಿಸಲು ಕೇಳುವುದಕ್ಕೂ ಕಾರಣವಿದೆ. ಗ್ರಾಹಕರ ದೂರು ಇತ್ಯರ್ಥವಾಗದೆ ಬಾಕಿ ಇರುವಾಗ ಆ ಪ್ರಕರಣವನ್ನು ವಸೂಲಿ ಏಜೆನ್ಸಿಗೆ ಒಪ್ಪಿಸಬಾರದೆಂದು ರಿಸರ್ವ್ ಬ್ಯಾಂಕ್ 2008ರಲ್ಲಿಯೇ ಬ್ಯಾಂಕುಗಳಿಗೆ ಸೂಚಿಸಿತ್ತು.

ಉತ್ತರದ ಜೊತೆ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್‌ಗಳ ಪ್ರತಿ ಲಗತ್ತಿಸಬೇಡಿ. ಕೇಳಿದವರು ಯಾರೆಂದೇ ಖಚಿತವಾಗಿಲ್ಲದಾಗ ಬೀಗದ ಕೈಯನ್ನು ಅವರಿಗೇ ಕೊಟ್ಟಂತಾಗುತ್ತದೆ. ಗುರುತು ತೋರಿಸಲೇಬೇಕಾದ ಸಂದರ್ಭದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಬಳಸಿ.

ಮೂರು ವರ್ಷದ ಲೆಕ್ಕ

ಹಳೆಯ ಸಾಲವನ್ನು ಎಷ್ಟು ವರ್ಷದವರೆಗೆ ಕೋರ್ಟಿನಲ್ಲಿ ಕೇಳಬಹುದು? ಇದಕ್ಕೆ 1963ರ ಕಾಲಮಿತಿ ಕಾಯ್ದೆ ಉತ್ತರ ಕೊಡುತ್ತದೆ. ಅಡಮಾನವಿಲ್ಲದ ಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ, ಸ್ಥಿರಾಸ್ತಿಯ ಅಡಮಾನವಿರುವ ಸಾಲಕ್ಕೆ ಹನ್ನೆರಡು ವರ್ಷ. ಈ ಅವಧಿ ಮುಗಿದ ಮೇಲೆ ಹೂಡಿದ ದಾವೆಯನ್ನು, ಎದುರು ಪಕ್ಷ ಆ ವಾದ ಎತ್ತದಿದ್ದರೂ, ನ್ಯಾಯಾಲಯ ವಜಾ ಮಾಡಬೇಕು. ಸಾಲ ಇಲ್ಲವಾಯಿತು ಎಂದಲ್ಲ, ಅದನ್ನು ಕೋರ್ಟಿನ ಮೂಲಕ ವಸೂಲಿ ಮಾಡುವ ಬಾಗಿಲು ಮುಚ್ಚಿತು ಎಂದು.

ಮುಚ್ಚುತ್ತಿರುವ ಈ ಬಾಗಿಲನ್ನು ನೀವೇ ತೆರೆದುಕೊಡುವ ಸಾಧ್ಯತೆಯಿದೆ. ಅವಧಿ ಮುಗಿಯುವ ಮುನ್ನ ಸಾಲ ಬಾಕಿಯಿದೆ ಎಂದು ಸಹಿ ಮಾಡಿ ಬರೆದುಕೊಟ್ಟರೆ, 18ನೇ ಕಲಮಿನ ಪ್ರಕಾರ ಆ ದಿನದಿಂದ ಎಣಿಕೆ ಹೊಸದಾಗಿ ಶುರುವಾಗುತ್ತದೆ. ‘ಸಾಲ ಇರುವುದು ನಿಜ, ಆದರೆ ಕೊಡುವುದಿಲ್ಲ’ ಎಂದು ಬರೆದರೂ ಅದು ಒಪ್ಪಿಗೆಯೇ. ಅವಧಿಯೊಳಗೆ ಅಸಲು ಬಡ್ಡಿಗಳ ಲೆಕ್ಕಕ್ಕೆ ಒಂದಿಷ್ಟು ಹಣ ಕಟ್ಟಿ, ಅದಕ್ಕೆ ನಿಮ್ಮ ಸಹಿಯ ದಾಖಲೆ ಇದ್ದರೆ 19ನೇ ಕಲಮಿನಂತೆ ಅದೇ ಫಲ. ಅವಧಿ ಮುಗಿದ ಮೇಲೂ, ‘ಕೊಡುತ್ತೇನೆ’ ಎಂದು ಬರೆದು ಸಹಿ ಹಾಕಿದರೆ ಒಪ್ಪಂದ ಕಾಯ್ದೆಯ 25ನೇ ಕಲಮಿನಡಿ ಅದು ಹೊಸ ಕರಾರಾಗಿಬಿಡುತ್ತದೆ.

‘ಸದ್ಯಕ್ಕೆ ಒಂದು ಸಾವಿರ ಹಾಕಿ, ಫೈಲ್ ಹೋಲ್ಡ್ ಮಾಡಿಸುತ್ತೇನೆ’ ಎಂದು ಫೋನಿನಲ್ಲಿ ಮೃದುವಾಗಿ ಮಾತನಾಡುವವರ ಹಿಂದೆ ಇರುವುದು ಈ ಲೆಕ್ಕ. ಆ ಸಾವಿರ ರೂಪಾಯಿಯ ಬೆಲೆ ಸಾವಿರವಲ್ಲ. ನಿಮ್ಮದಲ್ಲದ ಸಾಲಕ್ಕೆ ಒಂದು ರೂಪಾಯಿ ಕಟ್ಟಿದರೂ ‘ನಿಮ್ಮದಲ್ಲದಿದ್ದರೆ ಕಟ್ಟಿದ್ದೇಕೆ?’ ಎಂಬ ಪ್ರಶ್ನೆಗೆ ಮುಂದೆ ನೀವು ಉತ್ತರಿಸುತ್ತಾ ಕೂರಬೇಕಾಗುತ್ತದೆ.

ಮೂಲೆಗೆ ಎಸೆಯಲೇಬಾರದ ಕಾಗದಗಳು

ಕೆಲವು ಕಾಗದಗಳಿಗೆ ಗಡುವು ಇರುತ್ತದೆ, ಆ ಗಡುವು ತಪ್ಪಿದರೆ ಸಾಲ ನಿಮ್ಮದಲ್ಲದಿದ್ದರೂ ತೀರ್ಪು ನಿಮ್ಮ ವಿರುದ್ಧ ಬರಬಹುದು. ಮೊದಲನೆಯದು ನ್ಯಾಯಾಲಯದ ಸಮನ್ಸ್. ಸಾಮಾನ್ಯ ಸಿವಿಲ್ ದಾವೆಯಲ್ಲಿ 30 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಸಂಕ್ಷಿಪ್ತ ದಾವೆ ಎಂಬ ಬಗೆಯಲ್ಲಿ ಹಾಜರಾಗಲು ಇರುವುದು ಹತ್ತೇ ದಿನ. ಗೈರಾದರೆ ನಿಮ್ಮ ಮಾತು ಕೇಳದೆ ಏಕಪಕ್ಷೀಯವಾಗಿ ಡಿಕ್ರಿ, ಅಂದರೆ ಕೋರ್ಟಿನ ತೀರ್ಪು, ಆಗಬಹುದು. ಸಮನ್ಸ್ ಅಸಲಿಯೇ ಎಂಬ ಸಂಶಯವಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರಕರಣದ 16 ಅಕ್ಷರಾಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ತಿಳಿದುಬಿಡುತ್ತದೆ.

ಚೆಕ್ ಬೌನ್ಸ್ ನೋಟಿಸ್‌ಗೂ ಇಷ್ಟೇ ಗಮನ ಬೇಕು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ನೋಟಿಸ್ ತಲುಪಿದ 15 ದಿನಗಳೊಳಗೆ ಹಣ ಕೊಡದಿದ್ದರೆ ಕ್ರಿಮಿನಲ್ ದೂರು ದಾಖಲಿಸಬಹುದು. ಚೆಕ್ ನಿಮ್ಮ ಖಾತೆಯದಲ್ಲದಿದ್ದರೆ ಅಥವಾ ಸಹಿ ನಿಮ್ಮದಲ್ಲದಿದ್ದರೆ ಆ ಗಡುವಿನೊಳಗೇ ಅದನ್ನು ಬರವಣಿಗೆಯಲ್ಲಿ ಹೇಳಿ. ಮನೆ, ಜಮೀನು ಅಡವಿಟ್ಟ ಸಾಲಕ್ಕೆ ಸಂಬಂಧಿಸಿ ಸರ್ಫೇಸಿ ಕಾಯ್ದೆಯ (ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿಯನ್ನು ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾಯ್ದೆ) ನೋಟಿಸ್ ಬಂದರೆ ಬಾಕಿ ಕಟ್ಟಲು 60 ದಿನ ಅವಕಾಶವಿರುತ್ತದೆ. ನೀವು ಆಕ್ಷೇಪಣೆ ಸಲ್ಲಿಸಿದರೆ ಬ್ಯಾಂಕು 15 ದಿನಗಳೊಳಗೆ ಅದಕ್ಕೆ ಕಾರಣಸಹಿತ ಉತ್ತರಿಸಬೇಕು.

ಮಧ್ಯಸ್ಥಿಕೆಯ, ಅಂದರೆ ಕೋರ್ಟಿನ ಹೊರಗೆ ವ್ಯಾಜ್ಯ ತೀರ್ಮಾನಿಸುವ ಆರ್ಬಿಟ್ರೇಷನ್ನಿನ, ನೋಟಿಸನ್ನು ಜನ ಬಹಳ ಹಗುರವಾಗಿ ಕಾಣುತ್ತಾರೆ. ಕೋರ್ಟಿನ ಮುದ್ರೆ ಇಲ್ಲವಲ್ಲ ಎಂಬ ಧೈರ್ಯ. ಆದರೆ ಮಧ್ಯಸ್ಥಗಾರರು ಕೊಡುವ ತೀರ್ಪನ್ನು ನ್ಯಾಯಾಲಯದ ಡಿಕ್ರಿಯಂತೆಯೇ ಜಾರಿ ಮಾಡಬಹುದು. ಮಧ್ಯಸ್ಥಿಕೆಗೆ ಒಪ್ಪುವ ಕರಾರಿಗೆ ತಾನು ಸಹಿಯನ್ನೇ ಮಾಡಿಲ್ಲ ಎಂಬ ಆಕ್ಷೇಪವನ್ನು ಮೊದಲ ಹಂತದಲ್ಲಿಯೇ ಲಿಖಿತವಾಗಿ ಎತ್ತಬೇಕು. ಇಲ್ಲಿ ವಕೀಲರ ನೆರವು ಪಡೆಯುವುದೇ ಸರಿ.

ಲೋಕ ಅದಾಲತ್ ನೋಟಿಸ್‌ನ ರೀತಿ ಬೇರೆ. ಅದು ರಾಜಿಯ ವೇದಿಕೆ. ಎರಡೂ ಪಕ್ಷ ಒಪ್ಪಿದರೆ ಮಾತ್ರ ಅಲ್ಲಿ ತೀರ್ಮಾನ, ನೀವು ಒಪ್ಪದಿದ್ದರೆ ಯಾರೂ ಹೇರುವಂತಿಲ್ಲ. ಆದರೆ ಒಪ್ಪಿ ಸಹಿ ಮಾಡಿದಿರೋ, ಆ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ. ಹೋಗಿ, ಸಾಲ ತನ್ನದಲ್ಲ ಎಂದು ಬರೆದುಕೊಟ್ಟು ಬನ್ನಿ.

ವಕೀಲರಿಗೆ ಶುಲ್ಕ ಕೊಡುವ ಶಕ್ತಿ ಇಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಫೋನು, ಬಾಗಿಲು, ಬೆದರಿಕೆ

ಬಾಕಿಗಾಗಿ ಬೆಳಿಗ್ಗೆ 8 ಗಂಟೆಗೆ ಮುಂಚೆ, ಸಂಜೆ 7 ಗಂಟೆಯ ನಂತರ ಕರೆ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತು. ಬೈಯುವುದು, ನಾಲ್ಕು ಜನರ ಮುಂದೆ ಅವಮಾನಿಸುವುದು, ಬಂಧುಗಳಿಗೂ ಸ್ನೇಹಿತರಿಗೂ ಕರೆ ಮಾಡಿ ಅವರ ನೆಮ್ಮದಿ ಕೆಡಿಸುವುದು, ಅನಾಮಧೇಯ ಕರೆ ಮಾಡುವುದು ಇವೆಲ್ಲವನ್ನೂ ಅದು ನಿಷೇಧಿಸಿದೆ. ಏಜೆಂಟ್ ಮನೆಗೆ ಬಂದರೆ ಗುರುತಿನ ಚೀಟಿ ಮತ್ತು ಅಧಿಕಾರ ಪತ್ರ ತೋರಿಸಬೇಕು. ಅವುಗಳ ಫೋಟೊ ತೆಗೆದುಕೊಳ್ಳಿ. ಏಜೆಂಟ್ ಹೊರಗಿನವನಾದರೂ ಅವನ ನಡತೆಗೆ ಸಾಲ ಕೊಟ್ಟ ಸಂಸ್ಥೆಯೇ ಹೊಣೆ.

‘ಇವತ್ತು ಸಂಜೆಯೊಳಗೆ ಪೊಲೀಸರು ಬಂದು ಬಂಧಿಸುತ್ತಾರೆ’ ಎಂಬ ಮಾತಿಗೆ ಹೆದರಬೇಡಿ. ಸಾಲ ತೀರಿಸಲಾಗದಿರುವುದು ಸಿವಿಲ್ ವ್ಯಾಜ್ಯ. ಅದಕ್ಕಾಗಿ ಪೊಲೀಸರು ಮನೆಗೆ ಬಂದು ಬಂಧಿಸುವುದಿಲ್ಲ. ಬೆದರಿಕೆಯೇ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನಡಿ ದೂರು ಕೊಡಬಹುದು. ಕರೆಗಳ ದಿನಾಂಕ, ವೇಳೆ, ಸಂಖ್ಯೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಾ ಬನ್ನಿ.

ಸಂಸ್ಥೆಗೆ ದೂರು ಕೊಟ್ಟು 30 ದಿನಗಳಾದರೂ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ಗ್ರಾಹಕರ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರಿಯಾದ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಸಿಎಂಎಸ್ ಎಂಬ ಅದರ ಪೋರ್ಟಲ್‌ನಲ್ಲಿ ದೂರು ಸಲ್ಲಿಸಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಕ್ರೆಡಿಟ್ ವರದಿ ಕಂಪನಿಗಳ ಮೇಲಿನ ದೂರುಗಳನ್ನೂ 2022ರ ಸೆಪ್ಟೆಂಬರಿನಿಂದ ಇಲ್ಲಿ ತೆಗೆದುಕೊಳ್ಳುತ್ತಾರೆ.

ನಿಮ್ಮ ಹೆಸರಿನಲ್ಲಿ ಬೇರೆಯವರು ಸಾಲ ಎತ್ತಿದ್ದರೆ

ವರದಿ ನೋಡಿದಾಗ ಸಾಲ ನಿಜವಾಗಿಯೂ ನಿಮ್ಮ ಪ್ಯಾನ್ ಸಂಖ್ಯೆಗೇ ಅಂಟಿಕೊಂಡಿದ್ದರೆ ಪತ್ರ ವ್ಯವಹಾರವೊಂದೇ ಸಾಲದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ 1930 ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಇನ್ನೊಬ್ಬರ ಗುರುತನ್ನು ಕದ್ದು ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಶಿಕ್ಷಾರ್ಹ. ದೂರಿನ ಸ್ವೀಕೃತಿ ಪ್ರತಿಯನ್ನು ಸಾಲದಾತರಿಗೂ ಕ್ರೆಡಿಟ್ ವರದಿ ಕಂಪನಿಗೂ ಕಳುಹಿಸಿ. ಈ ಒಂದು ಹಾಳೆ ಬಂದ ಮೇಲೆ ಅವರು ನಿಮ್ಮೊಡನೆ ಮಾತನಾಡುವ ಧಾಟಿಯೇ ಬದಲಾಗುತ್ತದೆ.

ಆಮೇಲೆ ಸೋರುವ ಕಡೆಗಳನ್ನು ಮುಚ್ಚಬೇಕು. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ, ಆಧಾರ್ ಬಳಕೆಯ ಇತಿಹಾಸವನ್ನು ಅದರ ಜಾಲತಾಣದಲ್ಲಿ ನೋಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಿಮ್‌ಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ಪರೀಕ್ಷಿಸಿ, ಏಕೆಂದರೆ ಸಾಲದ ಒಟಿಪಿ ಹೋಗಿರುವುದು ನಿಮಗೆ ಗೊತ್ತಿಲ್ಲದ ಸಿಮ್‌ಗೇ ಇರಬಹುದು. ಸಾಲ ಆ್ಯಪ್‌ನದಾದರೆ ಆ ಆ್ಯಪ್ ಯಾವುದಾದರೂ ನೋಂದಾಯಿತ ಸಂಸ್ಥೆಯ ಪರವಾಗಿ ಕೆಲಸ ಮಾಡುತ್ತಿದೆಯೇ ಎಂದು ರಿಸರ್ವ್ ಬ್ಯಾಂಕ್ 2025ರ ಜುಲೈಯಲ್ಲಿ ಪ್ರಕಟಿಸಿದ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿಯಲ್ಲಿ ಹುಡುಕಬಹುದು.

ಸಾಲ ನಿಮ್ಮದೇ ಎಂದು ತಿಳಿದರೆ

ದಾಖಲೆಗಳು ಬಂದು, ಸಹಿ ನಿಮ್ಮದೇ, ಖಾತೆ ನಿಮ್ಮದೇ ಎಂದು ನೆನಪಾದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಈಗ ನಿಮ್ಮ ಕೈಯಲ್ಲಿ ಲೆಕ್ಕವಿದೆ, ದಂಡ ಮತ್ತು ಶುಲ್ಕಗಳ ಬಗ್ಗೆ ಚೌಕಾಸಿ ಮಾಡಬಹುದು. ಒಂದು ವ್ಯತ್ಯಾಸ ನೆನಪಿರಲಿ. ಪೂರ್ತಿ ಕಟ್ಟಿದರೆ ವರದಿಯಲ್ಲಿ ‘ಕ್ಲೋಸ್ಡ್’ ಎಂದು ಬರುತ್ತದೆ. ಕಡಿಮೆ ಮೊತ್ತಕ್ಕೆ ರಾಜಿಯಾದರೆ ‘ಸೆಟಲ್ಡ್’ ಎಂದು ಬರುತ್ತದೆ, ಅದನ್ನು ಮುಂದಿನ ಸಾಲದಾತರು ಒಳ್ಳೆಯ ಗುರುತೆಂದು ನೋಡುವುದಿಲ್ಲ.

ರಾಜಿಯ ಮೊತ್ತವನ್ನು ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟ ನಂತರವೇ ಹಣ ಕಟ್ಟಿ. ಸಂಸ್ಥೆಯ ಸಾಲದ ಖಾತೆಗೇ ಕಟ್ಟಿ, ಏಜೆಂಟನ ವೈಯಕ್ತಿಕ ಯುಪಿಐ ಸಂಖ್ಯೆಗೆ ಬೇಡವೇ ಬೇಡ. ಕಟ್ಟಿದ ಮೇಲೆ ಬಾಕಿ ಇಲ್ಲವೆಂಬ ನಿರಾಕ್ಷೇಪಣಾ ಪತ್ರ ಪಡೆದು, ಎರಡು ತಿಂಗಳ ನಂತರ ಮತ್ತೊಮ್ಮೆ ಕ್ರೆಡಿಟ್ ವರದಿ ತೆಗೆಸಿ ಆ ಸಾಲು ಬದಲಾಗಿದೆಯೇ ಎಂದು ನೋಡಿ. ಬದಲಾಗದಿದ್ದರೆ ಆ ನಿರಾಕ್ಷೇಪಣಾ ಪತ್ರವನ್ನೇ ಲಗತ್ತಿಸಿ ತಕರಾರು ಸಲ್ಲಿಸಿ.